ಯಾವುದು ಮೊದಲು ನಡೆಯಿತು? ಎನ್‌ಎಫ್‌ಎಸ್ ಸರ್ವರ್‌ನಲ್ಲಿ ಬಗ್ ಹಿಡಿಯುವ ಬಗೆ

ಎನ್‌ಎಫ್‌ಎಸ್ ಎಂದರೆ ಒಂದು ಯಂತ್ರದ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ಬೇರೆ ಯಂತ್ರಗಳಿಗೆ (ಕ್ಲೈಂಟ್‌ಗಳಿಗೆ) ಕೊಡುವ ವ್ಯವಸ್ಥೆ. ಅಂಥ ಫೈಲ್ ಸರ್ವರ್ ನಿಂತುಹೋದಾಗ ಎಲ್ಲರ ಕೈ ಮೊದಲು ಹೋಗುವುದು ರೀಬೂಟ್ ಕಡೆಗೆ. ಹತ್ತು ನಿಮಿಷ ತಡೆಯಿರಿ. ಆ ಹೊತ್ತಿನಲ್ಲಿ ಮೆಮೊರಿಯಲ್ಲಿ ಇರುವುದೇ ಸಾಕ್ಷಿ. ರೀಬೂಟ್ ಮಾಡಿದರೆ ಸರ್ವರ್ ಎದ್ದು ಕೂರುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ, ಬಗ್ ಮಾತ್ರ ಹಾಗೇ ಉಳಿದು ಇನ್ನೊಂದು ದಿನ ಬರುತ್ತದೆ.

ಒಂದೇ ಸಿಪಿಯು ಇರುವ ಯಂತ್ರದಲ್ಲಿ ಯಾವ ಸಾಲು ತಪ್ಪು ಎಂದು ಹುಡುಕಿದರೆ ಸಾಮಾನ್ಯವಾಗಿ ಸಾಕು. 32 ಕೋರ್, ಕೋರಿಕೆಗಳನ್ನು ನಿಭಾಯಿಸುವ 64 ಎನ್‌ಎಫ್‌ಎಸ್‌ಡಿ ಥ್ರೆಡ್, ಐವತ್ತು ಕ್ಲೈಂಟ್ ಇರುವ ಕಡೆ ಪ್ರತಿಯೊಂದು ಸಾಲೂ ತನ್ನಷ್ಟಕ್ಕೆ ಸರಿಯಾಗಿಯೇ ಇರಬಹುದು, ಅವು ನಡೆದ ಕ್ರಮ ತಪ್ಪಿರುತ್ತದೆ. ಕೋರ್‌ಗಳ ನಡುವೆ ಒಂದು ಕ್ರಮ, ನೆಟ್‌ವರ್ಕ್‌ನಲ್ಲಿ ಇನ್ನೊಂದು, ಡಿಸ್ಕ್‌ಗೆ ಇಳಿಯುವಾಗ ಮತ್ತೊಂದು. ಈ ಮೂರನ್ನೂ ಒಂದೇ ಗಡಿಯಾರಕ್ಕೆ ತಂದು ಜೋಡಿಸುವುದರಲ್ಲೇ ಕೆಲಸದ ಮುಕ್ಕಾಲು ಪಾಲು ಇದೆ. ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಎನ್‌ಎಫ್‌ಎಸ್ ಸರ್ವರ್, ಅದರ ಕೆಳಗೆ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಇರುವ ಸಂದರ್ಭಕ್ಕೆ.

ನಿಂತುಹೋದ ಸರ್ವರ್

ಕ್ಲೈಂಟ್ ಲಾಗ್‌ನಲ್ಲಿ ‘ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಎಂದು ಬಂದರೆ ಉತ್ತರ ಬಂದಿಲ್ಲ ಎನ್ನುವುದಷ್ಟೇ ಅದರ ಅರ್ಥ. ಸರ್ವರ್‌ನಲ್ಲಿ ಎಸ್‌ಎಸ್ ಕಮಾಂಡ್ ಕೊಟ್ಟು 2049ನೇ ಪೋರ್ಟ್‌ನ ಸಂಪರ್ಕಗಳ ರಿಸೀವ್ ಕ್ಯೂ ನೋಡಿ. ಅಲ್ಲಿ ಬೈಟ್‌ಗಳು ಜಮೆಯಾಗಿ ಕದಲದೆ ಕೂತಿದ್ದರೆ ಕೋರಿಕೆ ಬಾಗಿಲವರೆಗೆ ಬಂದಿದೆ, ಎತ್ತಿಕೊಳ್ಳಲು ಥ್ರೆಡ್ ಖಾಲಿ ಇಲ್ಲ. ಕ್ಯೂ ಖಾಲಿ ಇದ್ದರೆ ಎರಡು ಸಾಧ್ಯತೆ: ಕೋರಿಕೆ ಬಂದೇ ಇಲ್ಲ, ಇಲ್ಲವೇ ಒಳಗೆ ಹೋಗಿ ಸಿಕ್ಕಿಕೊಂಡಿದೆ. ಯಾವುದೆಂದು ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಹಿಡಿದಿಡುವ ಟಿಸಿಪಿಡಂಪ್ ತೋರಿಸುತ್ತದೆ. ಎನ್‌ಎಫ್‌ಎಸ್‌ಡಿ ಥ್ರೆಡ್‌ಗಳ ಡೀಫಾಲ್ಟ್ ಸಂಖ್ಯೆ ಬಹಳ ಕಾಲ 8 ಇತ್ತು. ಒಂದು ಡೈರೆಕ್ಟರಿಯ ಲಾಕ್‌ಗಾಗಿ ಎಂಟು ಕೋರಿಕೆ ಕಾದು ನಿಂತರೆ ಸಾಕು, ಬೇರೆ ಡಿಸ್ಕ್‌ನಲ್ಲಿರುವ ಎಕ್ಸ್‌ಪೋರ್ಟ್‌ಗಳೂ (ಸರ್ವರ್ ಹಂಚಿಕೊಡುವ ಡೈರೆಕ್ಟರಿಗಳೂ) ಸತ್ತಂತೆ ಕಾಣುತ್ತವೆ. ಅದಕ್ಕೆ ಮದ್ದು ಎಂದು ಥ್ರೆಡ್ ಸಂಖ್ಯೆಯನ್ನು 64ಕ್ಕೆ ಏರಿಸುವವರಿದ್ದಾರೆ. ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯುತ್ತ ಯಾರೂ ಮುಂದುವರಿಯದ ಸ್ಥಿತಿ) ಇದ್ದಾಗ ಅದರಿಂದ ಆಗುವುದು ಒಂದೇ: ಎಂಟನೇ ಕೋರಿಕೆಗೆ ನಿಲ್ಲುತ್ತಿದ್ದ ಸರ್ವರ್ ಅರವತ್ತನಾಲ್ಕನೆಯದಕ್ಕೆ ನಿಲ್ಲುತ್ತದೆ.

ಕರ್ನಲ್ ಲಾಗ್‌ನಲ್ಲಿ ‘120 ಸೆಕೆಂಡಿಗಿಂತ ಹೆಚ್ಚು ಬ್ಲಾಕ್ ಆಗಿದೆ’ ಎಂದು ಹೆಸರಿಸಿದ ಪ್ರೋಸೆಸ್ಸನ್ನೇ ತಪ್ಪಿತಸ್ಥ ಎಂದು ಹಿಡಿದುಕೊಂಡರೆ ದಾರಿ ತಪ್ಪುತ್ತದೆ. ಅದು ಕಾಯುತ್ತಿರುವವರಲ್ಲಿ ಒಬ್ಬ, ಅಷ್ಟೇ. ಡೀಫಾಲ್ಟ್ ಆಗಿ ಈ ಎಚ್ಚರಿಕೆ 10 ಬಾರಿ ಬಂದ ಮೇಲೆ ನಿಂತುಬಿಡುತ್ತದೆ, ಹಾಗಾಗಿ ಲಾಗ್ ಸುಮ್ಮನಾಯಿತು ಎಂದ ಮಾತ್ರಕ್ಕೆ ಸಮಸ್ಯೆ ಕಳೆಯಿತು ಎಂದಲ್ಲ. ರೂಟ್ ಆಗಿ ಸಿಸ್‌ಆರ್‌ಕ್ಯೂ (ಕರ್ನಲ್‌ಗೆ ನೇರ ಆಜ್ಞೆ ಕೊಡುವ ದಾರಿ) ಟ್ರಿಗರ್ ಫೈಲಿಗೆ ‘ಡಬ್ಲ್ಯೂ’ ಅಕ್ಷರ ಬರೆಯಿರಿ: ಡಿ ಸ್ಥಿತಿಯಲ್ಲಿ (ಎಬ್ಬಿಸಲಾಗದ ಕಾಯುವಿಕೆಯಲ್ಲಿ) ಸಿಕ್ಕಿಕೊಂಡ ಎಲ್ಲ ಟಾಸ್ಕ್‌ಗಳ ಸ್ಟ್ಯಾಕ್, ಅಂದರೆ ಯಾವ ಫಂಕ್ಷನ್‌ನಿಂದ ಯಾವುದಕ್ಕೆ ಹೋಗಿ ನಿಂತಿವೆ ಎಂಬ ಪಟ್ಟಿ, ಲಾಗ್‌ಗೆ ಬರುತ್ತದೆ. ‘ಎಲ್’ ಬರೆದರೆ ಈಗ ಓಡುತ್ತಿರುವ ಸಿಪಿಯುಗಳ ಸ್ಟ್ಯಾಕ್, ‘ಟಿ’ ಬರೆದರೆ ಎಲ್ಲ ಟಾಸ್ಕ್‌ಗಳದ್ದು. ಡಬ್ಲ್ಯೂವನ್ನು ಹತ್ತು ಸೆಕೆಂಡ್ ಬಿಟ್ಟು ಬಿಟ್ಟು ಮೂರು ಸಲ ತೆಗೆಯಿರಿ. ಮೂರರಲ್ಲೂ ಅದೇ ಥ್ರೆಡ್ ಅದೇ ಜಾಗದಲ್ಲಿ ಇದ್ದರೆ ಡೆಡ್‌ಲಾಕ್ ಎಂದು ಹಿಡಿದು ಮುಂದುವರಿಯಬಹುದು. ಸ್ಟ್ಯಾಕ್ ಬದಲಾಗುತ್ತಿದ್ದರೆ ಕೆಲಸ ನಡೆಯುತ್ತಿದೆ, ತೀರಾ ನಿಧಾನವಾಗಿದೆ ಅಷ್ಟೇ, ಆಗ ಡಿಸ್ಕ್ ಕಡೆ ನೋಡಬೇಕು. ನೂರಾರು ಥ್ರೆಡ್ ಇರುವ ಯಂತ್ರದಲ್ಲಿ ‘ಟಿ’ಯ ಔಟ್‌ಪುಟ್ ಕರ್ನಲ್ ಲಾಗ್ ಬಫರ್‌ನಲ್ಲಿ ಹಿಡಿಸುವುದಿಲ್ಲ, ಮೊದಲ ಭಾಗ ಅಳಿಸಿಹೋಗುತ್ತದೆ. ಲಾಗ್ ಬಫರ್ ಉದ್ದವನ್ನು ಬೂಟ್ ಆಯ್ಕೆಯಲ್ಲಿ 16 ಎಂಬಿಗೆ ಮೊದಲೇ ಏರಿಸಿಟ್ಟಿರಬೇಕು.

ಸ್ಟ್ಯಾಕ್‌ಗಳನ್ನು ಓದುವಾಗ ಒಂದೇ ಥರದವನ್ನು ಬದಿಗಿಟ್ಟು ಬೇರೆ ಥರದ ಒಂದನ್ನು ಹುಡುಕಿ. 64ರಲ್ಲಿ 63 ಥ್ರೆಡ್ ಡೈರೆಕ್ಟರಿಯ ಐನೋಡ್ (ಅದರ ವಿವರ ಇರುವ ದಾಖಲೆ) ಲಾಕ್‌ಗೆ ಕಾಯುತ್ತಿರುತ್ತವೆ. ಉಳಿದ ಒಂದು ಆ ಲಾಕ್ ಹಿಡಿದುಕೊಂಡು ಬೇರೇನಕ್ಕೋ ಕಾಯುತ್ತಿರುತ್ತದೆ. ಆ ಒಂದು ಯಾವುದೆಂದು ಕಣ್ಣಿಗೆ ಬೀಳದಿದ್ದರೆ ಸಿಸ್‌ಆರ್‌ಕ್ಯೂ ‘ಸಿ’ಯಿಂದ ಕರ್ನಲ್ಲನ್ನೇ ಬೀಳಿಸಿ ಕೆಡಂಪ್ ಮೂಲಕ ಮೆಮೊರಿ ಚಿತ್ರ ತೆಗೆದುಕೊಳ್ಳಬೇಕು. ಕ್ರ್ಯಾಶ್ ಕರ್ನಲ್‌ಗೆಂದು ಮೆಮೊರಿಯನ್ನು ಬೂಟ್ ಸಮಯದಲ್ಲೇ ಕಾದಿರಿಸಿ, ಒಮ್ಮೆ ಬೀಳಿಸಿ ಪರೀಕ್ಷಿಸಿದ್ದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಆ ಚಿತ್ರವನ್ನು ಓದುವ ಕ್ರ್ಯಾಶ್ ಟೂಲ್‌ನಲ್ಲಿ ಮ್ಯೂಟೆಕ್ಸ್‌ನ (ಒಬ್ಬರೇ ಹಿಡಿಯಬಹುದಾದ ಲಾಕ್‌ನ) ಓನರ್ ಫೀಲ್ಡ್ ತೆರೆದರೆ ಹಿಡಿದಿರುವ ಟಾಸ್ಕ್‌ನ ವಿಳಾಸ ಸಿಗುತ್ತದೆ. ಆದರೆ ಅದರ ಕೊನೆಯ 3 ಬಿಟ್‌ಗಳು ಫ್ಲ್ಯಾಗ್‌ಗಳು, ಅವನ್ನು ಸೊನ್ನೆ ಮಾಡಿ ಓದಬೇಕು. ರೀಡ್-ರೈಟ್ ಸೆಮಾಫೋರ್ (ಹಲವು ಓದುಗರು ಇಲ್ಲವೇ ಒಬ್ಬ ಬರೆಯುವವ ಹಿಡಿಯುವ ಲಾಕ್) ಆದರೆ ಇನ್ನೂ ಎಚ್ಚರ ಬೇಕು: ಓದುಗರು ಹಿಡಿದಾಗ ಓನರ್ ಫೀಲ್ಡ್‌ನಲ್ಲಿರುವುದು ಕೊನೆಗೆ ಬಂದ ಒಬ್ಬ ಓದುಗನ ಗುರುತು ಮಾತ್ರ. ಅವನು ಬಿಟ್ಟು ಹೋಗಿದ್ದು ಇನ್ನೊಬ್ಬ ಹಿಡಿದಿರಬಹುದು.

ಇಂಥ ಗಂಟುಗಳಲ್ಲಿ ಒಂದನ್ನು ಬಿಡಿಸಿ ನೋಡೋಣ. ಫೇಲ್‌ಓವರ್ ಕ್ಲಸ್ಟರ್‌ಗಳಲ್ಲಿ (ಒಂದು ಯಂತ್ರ ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಗುಂಪುಗಳಲ್ಲಿ) ಕೆಲವೊಮ್ಮೆ ಸರ್ವರ್ ಐಪಿ ವಿಳಾಸ ಕ್ಲೈಂಟ್ ಇದ್ದ ಯಂತ್ರಕ್ಕೇ ಬಂದು ಕೂರುತ್ತದೆ, ಅಂದರೆ ಯಂತ್ರ ತನ್ನದೇ ಎಕ್ಸ್‌ಪೋರ್ಟನ್ನು ತಾನೇ ಮೌಂಟ್ ಮಾಡಿಕೊಂಡಂತೆ. ಪ್ರೋಗ್ರಾಂ ಆ ಮೌಂಟ್‌ಗೆ ಬರೆಯುತ್ತಾ ಹೋಗುತ್ತದೆ, ಮೆಮೊರಿ ತುಂಬ ಕ್ಲೈಂಟ್‌ನ ಕೊಳೆ ಪೇಜ್‌ಗಳು (ಇನ್ನೂ ಸರ್ವರ್‌ಗೆ ಬರೆಯದ ಡೇಟಾ) ಸೇರುತ್ತವೆ. ಅವನ್ನು ಬರೆದುಕೊಳ್ಳಬೇಕಾದ ಎನ್‌ಎಫ್‌ಎಸ್‌ಡಿ ಥ್ರೆಡ್‌ಗೂ ಒಂದು ಪೇಜ್ ಬೇಕು. ಖಾಲಿ ಇಲ್ಲ. ಪೇಜ್ ಬಿಡಿಸಿಕೊಳ್ಳಲು ಅದು ಕ್ಲೈಂಟ್‌ನ ಕೊಳೆ ಪೇಜ್ ಶುದ್ಧವಾಗುವುದನ್ನು ಕಾಯುತ್ತದೆ, ಆ ಪೇಜ್ ಶುದ್ಧವಾಗಲು ಎನ್‌ಎಫ್‌ಎಸ್‌ಡಿ ಅದನ್ನು ಬರೆದುಕೊಳ್ಳಬೇಕು. ಲಾಕ್‌ಗಳ ಕ್ರಮವನ್ನು ಗಮನಿಸುವ ಕರ್ನಲ್ ಸಾಧನ ಲಾಕ್‌ಡೆಪ್‌ನ ಲಾಕ್ ಸರಪಳಿಯಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಕೊಂಡಿಯ ಒಂದು ಭಾಗ ನೆಟ್‌ವರ್ಕ್ ಸಾಕೆಟ್ ಮೂಲಕ ಹಾದುಹೋಗುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆಂದೇ ಎನ್‌ಎಫ್‌ಎಸ್‌ಡಿ ಥ್ರೆಡ್‌ಗಳಿಗೆ ವಿಶೇಷ ಫ್ಲ್ಯಾಗ್ ಇಟ್ಟು ಕಾಯುವುದನ್ನು ಕಡಿಮೆ ಮಾಡಿದ್ದಾರೆ. ಆದರೂ ಒಂದೇ ಯಂತ್ರದಲ್ಲಿ ಓದಬೇಕಾಗಿ ಬಂದರೆ ಎನ್‌ಎಫ್‌ಎಸ್ ಬದಲು ಬೈಂಡ್ ಮೌಂಟ್ (ಲೋಕಲ್ ಡೈರೆಕ್ಟರಿಯನ್ನೇ ಇನ್ನೊಂದು ಜಾಗದಲ್ಲಿ ಕಾಣಿಸುವುದು) ಹಾಕುವುದು ನನ್ನ ಪ್ರಕಾರ ಸರಿಯಾದ ದಾರಿ.

ಲಾಕ್‌ಗಳ ನಡುವಿನ ಕ್ರಮ ತಪ್ಪಿದ್ದರೆ ಮಾತ್ರ ಲಾಕ್‌ಡೆಪ್‌ನಷ್ಟು ಉಪಕಾರಿ ಬೇರೊಂದಿಲ್ಲ. ಇಂಗೊ ಮೊಲ್ನಾರ್ ಬರೆದ ಇದು 2006ರಲ್ಲಿ 2.6.18 ಕರ್ನಲ್‌ಗೆ ಸೇರಿತು. ಡೆಡ್‌ಲಾಕ್ ನಿಜವಾಗಿ ಆಗಬೇಕೆಂದಿಲ್ಲ: ಎ ಹಿಡಿದು ಬಿ ತೆಗೆದುಕೊಂಡದ್ದನ್ನು ಒಮ್ಮೆ, ಬಿ ಹಿಡಿದು ಎ ತೆಗೆದುಕೊಂಡದ್ದನ್ನು ಇನ್ನೊಮ್ಮೆ ನೋಡಿದರೆ ಸಾಕು, ಎರಡರ ನಡುವೆ ಒಂದು ಗಂಟೆ ಕಳೆದಿದ್ದರೂ ಎಚ್ಚರಿಸುತ್ತದೆ. ಬೂಟ್ ಆದ ಮೇಲೆ ಮೊದಲ ಎಚ್ಚರಿಕೆ ಕೊಟ್ಟು ತಾನೇ ನಿಂತುಬಿಡುತ್ತದೆ. ಹಾಗಾಗಿ ಲಾಗ್‌ನಲ್ಲಿ ಬೇರೆ ಯಾವುದೋ ಡ್ರೈವರ್‌ನ ಎಚ್ಚರಿಕೆ ಮೊದಲೇ ಬಂದಿದ್ದರೆ ಅದನ್ನು ಸರಿಪಡಿಸಿ ಮತ್ತೆ ಓಡಿಸದೆ ಫೈಲ್ ಸಿಸ್ಟಮ್ ಬಗ್ಗೆ ಏನೂ ತಿಳಿಯುವುದಿಲ್ಲ.

ಡೇಟಾ ಕೆಟ್ಟಾಗ

ನಿಂತುಹೋದ ಸರ್ವರ್ ಕನಿಷ್ಠ ತಾನು ನಿಂತಿದ್ದೇನೆ ಎಂದು ಹೇಳುತ್ತದೆ. ಕೆಟ್ಟ ಡೇಟಾ ಏನೂ ಹೇಳದೆ ಬ್ಯಾಕಪ್ ಒಳಗೂ ಸೇರಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಅವಸರ ಮಾಡಬಾರದು.

ಕ್ಲೈಂಟನ್ನು ಅನ್‌ಮೌಂಟ್ ಮಾಡಬೇಡಿ. ಒಂದೇ ಫೈಲನ್ನು ನಾಲ್ಕು ಕಡೆಯಿಂದ ಓದಿ ನಾಲ್ಕು ಪ್ರತಿ ತೆಗೆಯಿರಿ, ಈ ಕ್ರಮದಲ್ಲೇ: ಮೊದಲು ಕ್ಲೈಂಟ್‌ನಲ್ಲಿ ಸಾಮಾನ್ಯವಾಗಿ ಓದಿ, ಆಮೇಲೆ ಸರ್ವರ್‌ನಲ್ಲಿ ಲೋಕಲ್ ಆಗಿ ಓದಿ, ಆಮೇಲೆ ಕ್ಲೈಂಟ್‌ನಲ್ಲಿ ಡೈರೆಕ್ಟ್ ಐಒ (ಕ್ಯಾಶ್ ಬದಿಗಿಟ್ಟು ನೇರ ಓದು) ಬಳಸಿ, ಕೊನೆಗೆ ಸರ್ವರ್‌ನ ಪೇಜ್ ಕ್ಯಾಶ್ (ಮೆಮೊರಿಯಲ್ಲಿರುವ ಫೈಲ್ ಪ್ರತಿ) ಬಿಡಿಸಿ ಡಿಸ್ಕ್‌ನಿಂದ. ಕ್ರಮ ಹೀಗೇ ಏಕೆಂದರೆ ಡೈರೆಕ್ಟ್ ಐಒ ಓದು ಕ್ಲೈಂಟ್‌ನಲ್ಲಿ ಬಾಕಿಯಿದ್ದ ಬರಹವನ್ನು ಮೊದಲು ಸರ್ವರ್‌ಗೆ ತಳ್ಳುತ್ತದೆ, ಕ್ಯಾಶ್ ಬಿಡಿಸಿದರೆ ಸರ್ವರ್‌ನ ಮೆಮೊರಿಯಲ್ಲಿದ್ದ ಪ್ರತಿ ಹೋಗುತ್ತದೆ. ಕ್ಲೈಂಟ್‌ನ ಎರಡು ಓದು ಬೇರೆ ಬೇರೆ ಬಂದರೆ ತಪ್ಪು ಕ್ಲೈಂಟ್‌ನ ಪೇಜ್ ಕ್ಯಾಶ್‌ನಲ್ಲಿ. ಕ್ಲೈಂಟ್‌ನ ಡೈರೆಕ್ಟ್ ಓದಿಗೂ ಸರ್ವರ್‌ಗೂ ವ್ಯತ್ಯಾಸ ಇದ್ದರೆ ನಡುವಿನ ಆರ್‌ಪಿಸಿ (ಕೋರಿಕೆ-ಉತ್ತರ ಸಾಗಿಸುವ ಪದರ) ಅಥವಾ ನೆಟ್‌ವರ್ಕ್‌ನಲ್ಲಿ. ಸರ್ವರ್‌ನ ಮೆಮೊರಿಗೂ ಡಿಸ್ಕ್‌ಗೂ ವ್ಯತ್ಯಾಸ ಇದ್ದರೆ ಫೈಲ್ ಸಿಸ್ಟಮ್ ಅಥವಾ ಅದರ ಕೆಳಗಿನ ಪದರದಲ್ಲಿ. ನಾಲ್ಕೂ ಒಂದೇ ಥರ ಕೆಟ್ಟಿದ್ದರೆ ಬರೆಯುವಾಗಲೇ ಕೆಟ್ಟಿದೆ.

ಇನ್ನು ಕೆಟ್ಟ ಜಾಗದ ಅಳತೆ. ಸಿಎಂಪಿ ಕಮಾಂಡಿನಿಂದ ವ್ಯತ್ಯಾಸ ಎಲ್ಲಿ ಶುರುವಾಯಿತು, ಎಷ್ಟು ಬೈಟ್ ಉದ್ದ ಎಂದು ಬರೆದುಕೊಳ್ಳಿ. 4096ರಿಂದ ಭಾಗವಾಗುವ ಜಾಗದಲ್ಲಿ ಶುರುವಾಗಿ 4096 ಬೈಟ್ ಕೆಟ್ಟಿದ್ದರೆ ಪೇಜ್ ಕ್ಯಾಶ್ ಮೇಲೆ ಸಂಶಯ. 512 ಆದರೆ ಸೆಕ್ಟರ್, ಡಿಸ್ಕ್ ಅಥವಾ ಕಂಟ್ರೋಲರ್. 10,48,576ರ ಗಡಿಯಲ್ಲಿ ಆದರೆ ಅದು 1 ಎಂಬಿಯ ಡಬ್ಲ್ಯೂಸೈಜ್, ಅಂದರೆ ಒಂದು ಇಡೀ ರೈಟ್ ಕೋರಿಕೆ. 64 ಬೈಟ್ ಆದರೆ ಕ್ಯಾಶ್ ಲೈನ್. ಒಂದೇ ಒಂದು ಬಿಟ್ ತಿರುಗಿದ್ದರೆ ಕೋಡ್ ಓದುವುದನ್ನು ಬಿಟ್ಟು ಮೊದಲು ಮೆಮೊರಿಯ ಇಸಿಸಿ (ತಪ್ಪು ಬಿಟ್ ಹಿಡಿಯುವ ವ್ಯವಸ್ಥೆ) ಲಾಗ್ ನೋಡಿ. ಫೈಲ್‌ನ ಹಳೆಯ ಕೊನೆಯಿಂದ ಆ ಪೇಜ್‌ನ ಕೊನೆಯವರೆಗೆ ಸೊನ್ನೆಗಳಿದ್ದರೆ, ಫೈಲ್ ಬೆಳೆಸುವವನಿಗೂ ಓದುವವನಿಗೂ ನಡುವಿನ ಓಟ (ರೇಸ್: ಯಾರು ಮೊದಲು ಎಂಬುದರ ಮೇಲೆ ಫಲ ಬದಲಾಗುವುದು) ಅದು.

ಕೆಟ್ಟದ್ದು ಸೊನ್ನೆಯಲ್ಲದಿದ್ದರೆ ಅದು ಎಲ್ಲಿಂದ ಬಂತು ಎಂಬುದು ಮುಖ್ಯ, ಸಾಮಾನ್ಯ ಫೈಲ್‌ನಲ್ಲಿ ಅದು ತಿಳಿಯುವುದಿಲ್ಲ. ಅದಕ್ಕಾಗಿ ಪರೀಕ್ಷೆಯ ಪ್ರೋಗ್ರಾಂ ಬರೆಯುವ ಪ್ರತಿ 16 ಬೈಟ್‌ಗೂ ಮುದ್ರೆ ಹೊಡೆಯಬೇಕು: 8 ಬೈಟ್ ತನ್ನದೇ ಆಫ್‌ಸೆಟ್, 4 ಬೈಟ್ ಎಷ್ಟನೇ ಸುತ್ತು, 2 ಬೈಟ್ ಕ್ಲೈಂಟ್ ಸಂಖ್ಯೆ, 2 ಬೈಟ್ ಥ್ರೆಡ್ ಸಂಖ್ಯೆ. 40,960ರಲ್ಲಿ ಇರಬೇಕಾದ ಕಡೆ ‘ನಾನು 81,920ರವನು, 7ನೇ ಸುತ್ತು’ ಎಂಬ ಮುದ್ರೆ ಸಿಕ್ಕರೆ ಬರಹ ತಪ್ಪು ಜಾಗಕ್ಕೆ ಹೋಗಿದೆ. ಆಫ್‌ಸೆಟ್ ಸರಿಯಿದ್ದು 7ರ ಬದಲು 6ನೇ ಸುತ್ತು ಇದ್ದರೆ ಒಂದು ಬರಹ ಕಳೆದುಹೋಗಿದೆ, ಇಲ್ಲವೇ ಹಳೆಯದು ತಡವಾಗಿ ಬಂದು ಹೊಸದರ ಮೇಲೆ ಕೂತಿದೆ. ಬೇರೆ ಕ್ಲೈಂಟ್‌ನ ಸಂಖ್ಯೆ ಇದ್ದರೆ ಲಾಕಿಂಗ್ ಕಡೆ ಹೋಗಿ. ಹದಿನಾರು ಬೈಟ್‌ಗಳ ಈ ಮುದ್ರೆ ವಾರಗಳ ಕೆಲಸ ಉಳಿಸುತ್ತದೆ.

ಬರಹ ಕಳೆದುಹೋದರೆ ಮೊದಲು ಎಕ್ಸ್‌ಪೋರ್ಟ್ಸ್ ಫೈಲ್ ತೆರೆಯಿರಿ. ಅಲ್ಲಿ ‘ಎಸಿಂಕ್’ ಎಂದಿದ್ದರೆ ಸರ್ವರ್ ಡಿಸ್ಕ್‌ಗೆ ಬರೆಯುವ ಮುಂಚೆಯೇ ಆಯಿತು ಎಂದು ಹೇಳುತ್ತಿದೆ, ಕರೆಂಟ್ ಹೋದಾಗ ಡೇಟಾ ಹೋದರೆ ಅದು ಬಗ್ ಅಲ್ಲ. ‘ಸಿಂಕ್’ ಇದ್ದರೂ 1995ರ ಎನ್‌ಎಫ್‌ಎಸ್ ಮೂರನೇ ಆವೃತ್ತಿಯಿಂದ ಕ್ಲೈಂಟ್ ‘ಅನ್‌ಸ್ಟೇಬಲ್’ ಎಂದು ಬರೆದು ಆಮೇಲೆ ಕಮಿಟ್ ಕೇಳುತ್ತದೆ. ಎರಡೂ ಉತ್ತರಗಳಲ್ಲಿ 8 ಬೈಟ್‌ನ ವೆರಿಫೈಯರ್ ಇರುತ್ತದೆ. ನಡುವೆ ಸರ್ವರ್ ಬಿದ್ದು ಎದ್ದರೆ ವೆರಿಫೈಯರ್ ಬದಲಾಗಿರಬೇಕು, ಅದನ್ನು ನೋಡಿ ಕ್ಲೈಂಟ್ ಎಲ್ಲವನ್ನೂ ಮತ್ತೆ ಕಳಿಸುತ್ತದೆ. ಫೇಲ್‌ಓವರ್ ಆದಾಗ ಎರಡನೇ ಯಂತ್ರವೂ ಅದೇ ವೆರಿಫೈಯರ್ ಕೊಟ್ಟರೆ ಕ್ಲೈಂಟ್ ನಂಬಿ ತನ್ನ ಪ್ರತಿಯನ್ನು ಬಿಸಾಡುತ್ತದೆ. ವೈರ್‌ಶಾರ್ಕ್‌ನಲ್ಲಿ ರೈಟ್ ಮತ್ತು ಕಮಿಟ್ ಉತ್ತರಗಳ ವೆರಿಫೈಯರ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹಳೆಯ ವ್ಯವಸ್ಥೆಗಳಲ್ಲಿ ಯುಡಿಪಿ ಮೇಲೆ ಎನ್‌ಎಫ್‌ಎಸ್ ಇನ್ನೂ ಓಡುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ದೊಡ್ಡ ಕೋರಿಕೆ ತುಣುಕುಗಳಾಗಿ ಹೋಗುತ್ತದೆ, ಅವನ್ನು ಜೋಡಿಸಲು ಬಳಸುವ ಐಪಿ ಪ್ಯಾಕೆಟ್‌ನ ಗುರುತಿನ ಸಂಖ್ಯೆ 16 ಬಿಟ್, ಅಂದರೆ 65,536 ಸಂಖ್ಯೆಗಳು ಮಾತ್ರ. 8 ಕೆಬಿಯ ಕೋರಿಕೆಗಳಾದರೆ 512 ಎಂಬಿಗೆ ಒಂದು ಸುತ್ತು ಮುಗಿಯುತ್ತದೆ, ಗಿಗಾಬಿಟ್ ಜಾಲದಲ್ಲಿ ಅದು ಐದು ಸೆಕೆಂಡೂ ಅಲ್ಲ. ಲಿನಕ್ಸ್ ಅರ್ಧ ಬಂದ ತುಣುಕುಗಳನ್ನು 30 ಸೆಕೆಂಡ್ ಇಟ್ಟುಕೊಂಡು ಕಾಯುತ್ತದೆ. ಹಳೆಯ ತುಣುಕಿಗೆ ಅದೇ ಸಂಖ್ಯೆಯ ಹೊಸ ತುಣುಕು ಅಂಟಿಕೊಂಡರೆ ತಡೆಯಲು ಉಳಿಯುವುದು 16 ಬಿಟ್‌ನ ಚೆಕ್‌ಸಮ್ ಒಂದೇ.

ಎರಡು ಬಾರಿ ನಡೆದ ಕೆಲಸ

ಫೈಲ್ ಅಳಿಸು ಎಂದು ಕ್ಲೈಂಟ್ ಕೇಳಿತು, ಸರ್ವರ್ ಅಳಿಸಿತು, ಉತ್ತರ ದಾರಿಯಲ್ಲಿ ಕಳೆದುಹೋಯಿತು. ಕ್ಲೈಂಟ್ ಅದೇ ಎಕ್ಸ್‌ಐಡಿ (ಕೋರಿಕೆಯ ಗುರುತಿನ ಸಂಖ್ಯೆ) ಇಟ್ಟು ಮತ್ತೆ ಕೇಳಿದಾಗ ‘ಅಂಥ ಫೈಲ್ ಇಲ್ಲ’ ಎಂಬ ಉತ್ತರ ಬರಬಾರದು, ಹಳೆಯ ಉತ್ತರವೇ ಬರಬೇಕು. ಅದಕ್ಕಾಗಿಯೇ ಸರ್ವರ್‌ನಲ್ಲಿ ಡೂಪ್ಲಿಕೇಟ್ ರಿಕ್ವೆಸ್ಟ್ ಕ್ಯಾಶ್ ಇದೆ. ಲಿನಕ್ಸ್‌ನಲ್ಲಿ ಅದು ಎಕ್ಸ್‌ಐಡಿಯ ಜೊತೆಗೆ ಕೋರಿಕೆಯ ಮೊದಲ 256 ಬೈಟ್‌ಗಳ ಚೆಕ್‌ಸಮ್ಮನ್ನೂ ಹೋಲಿಸುತ್ತದೆ. ಬಹು ಸಿಪಿಯುಗಳ ತೊಡಕು ಇಲ್ಲಿ ಚೆನ್ನಾಗಿ ಕಾಣುತ್ತದೆ: ಮೊದಲ ಕೋರಿಕೆ 3ನೇ ಕೋರ್‌ನಲ್ಲಿ ಇನ್ನೂ ನಡೆಯುತ್ತಿರುವಾಗಲೇ ಎರಡನೆಯದು 17ನೇ ಕೋರ್‌ಗೆ ಬರಬಹುದು. ಹುಡುಕುವುದು ಮತ್ತು ಸೇರಿಸುವುದು ಒಂದೇ ಲಾಕ್‌ನೊಳಗೆ ಆಗದಿದ್ದರೆ ಎರಡೂ ‘ನಾನೇ ಮೊದಲು’ ಎಂದುಕೊಂಡು ಓಡುತ್ತವೆ. ಎಂಕೆಡಿಐಆರ್‌ಗೆ (ಡೈರೆಕ್ಟರಿ ಮಾಡುವ ಕೋರಿಕೆಗೆ) ‘ಆಗಲೇ ಇದೆ’, ರೀನೇಮ್‌ಗೆ ‘ಇಲ್ಲ’ ಎಂಬ ವಿಚಿತ್ರ ದೂರುಗಳು ಬಂದರೆ ಕ್ಯಾಪ್ಚರ್‌ನಲ್ಲಿ ಒಂದೇ ಎಕ್ಸ್‌ಐಡಿ ಎರಡು ಸಲ ಬಂದಿದೆಯೇ ನೋಡಿ. ಎನ್‌ಎಫ್‌ಎಸ್ 4.1 ಆವೃತ್ತಿಯಲ್ಲಿ ಸೆಷನ್ ಸ್ಲಾಟ್ ಮತ್ತು ಸೀಕ್ವೆನ್ಸ್ ಸಂಖ್ಯೆ ಈ ಕೆಲಸವನ್ನು ಪ್ರೋಟೋಕಾಲ್‌ನೊಳಗೇ ಮಾಡುತ್ತವೆ.

ಬದಲಾಗಿದ್ದರೂ ಬದಲಾಗದ ಸಮಯ

ಕೆಲವು ದೂರುಗಳು ಮೊದಲು ನಂಬಲಾಗದ ಹಾಗಿರುತ್ತವೆ: ಸರ್ವರ್‌ನಲ್ಲಿ ಫೈಲ್ ಹೊಸದು, ಕ್ಲೈಂಟ್‌ನಲ್ಲಿ ಹಳೆಯದು, ಗಂಟೆ ಕಳೆದರೂ ಹಳೆಯದೇ. ಫೈಲ್‌ನ ಗಾತ್ರ, ಸಮಯಗಳನ್ನು ಕ್ಲೈಂಟ್ ನೆನಪಿಟ್ಟುಕೊಳ್ಳುವ ಅಟ್ರಿಬ್ಯೂಟ್ ಕ್ಯಾಶ್‌ನ ಗರಿಷ್ಠ ಅವಧಿ ಡೀಫಾಲ್ಟ್ ಆಗಿ 60 ಸೆಕೆಂಡ್, ಹಾಗಿರುವಾಗ ಗಂಟೆ ಹೇಗೆ? ಫೈಲ್‌ನ ಸಮಯದಲ್ಲಿ ನ್ಯಾನೋಸೆಕೆಂಡ್ ಅಂಕಿಗಳಿದ್ದರೂ ಲಿನಕ್ಸ್ ಬಹಳ ಕಾಲ ಅದನ್ನು ಗಡಿಯಾರದ ಟಿಕ್‌ನಿಂದ ತೆಗೆದುಕೊಳ್ಳುತ್ತಿತ್ತು. ಎಚ್‌ಝಡ್ (ಸೆಕೆಂಡಿಗೆ ಎಷ್ಟು ಟಿಕ್) 250 ಇದ್ದರೆ ಒಂದು ಟಿಕ್ 4 ಮಿಲಿಸೆಕೆಂಡ್. ಆ 4 ಮಿಲಿಸೆಕೆಂಡಿನೊಳಗೆ ಒಂದು ಬರಹ ಆಯಿತು, ಕ್ಲೈಂಟ್ ಬಂದು ಓದಿ ಸಮಯ ಗುರುತಿಸಿಕೊಂಡಿತು, ಅಷ್ಟೇ ಗಾತ್ರದ ಎರಡನೇ ಬರಹವೂ ಆಯಿತು. ಸಮಯ ಒಂದೇ, ಗಾತ್ರ ಒಂದೇ. ಮೂರನೇ ಆವೃತ್ತಿಯ ಕ್ಲೈಂಟ್ ಪ್ರತಿ ನಿಮಿಷ ಕೇಳಿದರೂ ಏನೂ ಬದಲಾಗಿಲ್ಲ ಎಂದೇ ಉತ್ತರ ಸಿಗುತ್ತದೆ. ಹಾಗಾಗಿ ನೋಎಸಿ ಮೌಂಟ್ ಆಯ್ಕೆ ಹಾಕಿದರೂ ಪ್ರಯೋಜನವಿಲ್ಲ, ಅದು ಹೆಚ್ಚು ಸಲ ಕೇಳಿಸುತ್ತದೆ ಅಷ್ಟೇ. ನಾಲ್ಕನೇ ಆವೃತ್ತಿಯ ಚೇಂಜ್ ಅಟ್ರಿಬ್ಯೂಟ್ ಸಮಯದ ಬದಲು ಎಣಿಕೆಯನ್ನು ಬಳಸಿದರೆ ಇದು ತಪ್ಪುತ್ತದೆ. ಪ್ರೋಗ್ರಾಂಗಳು ಫೈಲ್ ಲಾಕ್ ಹಿಡಿದು ಓದಿದರೂ ತಪ್ಪುತ್ತದೆ, ಲಾಕ್ ಸಿಕ್ಕಾಗ ಕ್ಲೈಂಟ್ ತನ್ನ ಕ್ಯಾಶನ್ನು ನಂಬದೆ ಮತ್ತೆ ಓದುತ್ತದೆ. 2025ರ ಜನವರಿಯಲ್ಲಿ ಬಂದ 6.13 ಕರ್ನಲ್‌ನಲ್ಲಿ ಮಲ್ಟಿಗ್ರೇನ್ ಟೈಮ್‌ಸ್ಟ್ಯಾಂಪ್ ಸೇರಿತು: ಯಾರಾದರೂ ಸಮಯ ಕೇಳಿ ಹೋಗಿದ್ದರೆ ಮುಂದಿನ ಬದಲಾವಣೆಗೆ ಮಾತ್ರ ಸೂಕ್ಷ್ಮ ಗಡಿಯಾರ ನೋಡುವ ಚೊಕ್ಕ ಉಪಾಯ.

ಇದರ ಜೊತೆ ಬೆರೆಸಬಾರದ ಇನ್ನೊಂದು ದೂರಿದೆ. ಒಂದು ಕ್ಲೈಂಟ್ ಲಾಗ್ ಬರೆಯುತ್ತಿರುವಾಗಲೇ ಇನ್ನೊಂದು ಓದಿದರೆ ನಡುವೆ ಸೊನ್ನೆಗಳು ಕಂಡು ಸ್ವಲ್ಪ ಹೊತ್ತಿಗೆ ಮಾಯವಾಗುತ್ತವೆ. ಎರಡು ರೈಟ್ ಕೋರಿಕೆ ಎರಡು ಥ್ರೆಡ್‌ಗೆ ಹೋಗಿ ಮುಂದಿನ ಆಫ್‌ಸೆಟ್‌ನದು ಮೊದಲು ಮುಗಿದಿದೆ, ಹಿಂದಿನದು ಬರುವ ತನಕ ಅಲ್ಲಿ ರಂಧ್ರ. ಬರೆದವನು ಕ್ಲೋಸ್ ಮಾಡಿದ ಮೇಲೆ ತೆರೆದವನಿಗೆ ಮಾತ್ರ ಎನ್‌ಎಫ್‌ಎಸ್ ಸರಿಯಾದ ಡೇಟಾದ ಭರವಸೆ ಕೊಡುತ್ತದೆ. ಹಾಗಾಗಿ ಇಲ್ಲಿ ತಿದ್ದಬೇಕಾದದ್ದು ಪ್ರೋಗ್ರಾಂ.

ಓಟವನ್ನು ಅಗಲ ಮಾಡುವುದು

ಥ್ರೆಡ್‌ಗಳ ಓಟದ ಬಗ್ ಎಂದು ಸಂಶಯ ಬಂದ ತಕ್ಷಣ ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಬರೆಯುವ) ಸಾಲುಗಳನ್ನು ತುಂಬಬೇಡಿ. ಸೀರಿಯಲ್ ಕನ್ಸೋಲ್ 1,15,200 ಬಾಡ್‌ನಲ್ಲಿದ್ದರೆ ಸೆಕೆಂಡಿಗೆ 11,520 ಅಕ್ಷರ, ಅಂದರೆ 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್. 3 ಗಿಗಾಹರ್ಟ್ಸ್ ಕೋರ್‌ಗೆ ಅದು ಎರಡು ಕೋಟಿ ಸೈಕಲ್. ಆ ಅವಧಿಯಲ್ಲಿ ಓಟದ ಕಿಂಡಿ ಸಾವಿರ ಸಲ ತೆರೆದು ಮುಚ್ಚಿರುತ್ತದೆ. ಬಗ್ ಮಾಯವಾಗುತ್ತದೆ, ಸರಿಹೋಯಿತು ಎಂಬ ಭ್ರಮೆ ಉಳಿಯುತ್ತದೆ. ಕರ್ನಲ್‌ನ ಟ್ರೇಸ್ ಸಾಧನವಾದ ಎಫ್‌ಟ್ರೇಸ್‌ನ ಟ್ರೇಸ್ ಪ್ರಿಂಟ್‌ಕೆ ಪ್ರತಿ ಸಿಪಿಯುಗೂ ಬೇರೆ ಬೇರೆ ಬಫರ್‌ಗೆ ಬರೆಯುತ್ತದೆ, ಸಮಯ ಅಷ್ಟು ಕದಡುವುದಿಲ್ಲ. ಆದರೆ ಅದರ ಡೀಫಾಲ್ಟ್ ಗಡಿಯಾರ ‘ಲೋಕಲ್’, ಸಿಪಿಯುಗಳ ನಡುವೆ ಹೊಂದಿಕೆಯಾಗುವ ಖಾತರಿ ಇಲ್ಲ. ‘ಗ್ಲೋಬಲ್’ ಅಥವಾ ‘ಮೋನೋ’ಗೆ ಬದಲಿಸದೆ ಯಾವುದು ಮೊದಲು ಎಂದು ತೀರ್ಮಾನಿಸಬಾರದು. ಎರಡು ಯಂತ್ರಗಳ ಟ್ರೇಸನ್ನು ಸಮಯದಿಂದ ಹೊಂದಿಸುವುದಕ್ಕಿಂತ ಎಕ್ಸ್‌ಐಡಿಯಿಂದ ಹೊಂದಿಸುವುದು ಒಳ್ಳೆಯದು: ಕ್ಲೈಂಟ್‌ನ ಸನ್‌ಆರ್‌ಪಿಸಿ ಟ್ರೇಸ್, ಪ್ಯಾಕೆಟ್ ಕ್ಯಾಪ್ಚರ್, ಸರ್ವರ್‌ನ ಟ್ರೇಸ್ ಮೂರರಲ್ಲೂ ಅದೇ ಸಂಖ್ಯೆ ಸಿಗುತ್ತದೆ. ಕ್ಯಾಪ್ಚರ್ ಮಾಡುವಾಗ 100 ಎಂಬಿಯ 20 ಫೈಲ್‌ಗಳನ್ನು ಸುತ್ತುಸುತ್ತಾಗಿ ಬಳಸುವಂತೆ ಟಿಸಿಪಿಡಂಪ್ ಹಾಕಿಟ್ಟರೆ 2 ಜಿಬಿಯಲ್ಲಿ ಬಗ್‌ನ ಹಿಂದಿನ ಹೊತ್ತು ಉಳಿದಿರುತ್ತದೆ. ಕಳಿಸುವ ಯಂತ್ರದಲ್ಲಿ ಹಿಡಿದ ಕ್ಯಾಪ್ಚರ್ ‘ಚೆಕ್‌ಸಮ್ ತಪ್ಪು’ ಎಂದರೆ ಗಾಬರಿಯಾಗಬೇಡಿ, ಚೆಕ್‌ಸಮ್ ಹಾಕುವುದು ನೆಟ್‌ವರ್ಕ್ ಕಾರ್ಡ್, ಅದಕ್ಕೂ ಮುಂಚೆ ಹಿಡಿದದ್ದರಿಂದ ಹಾಗೆ ಕಾಣುತ್ತದೆ.

ಕಿಂಡಿ ಎಲ್ಲಿದೆ ಎಂಬ ಊಹೆ ಇದ್ದರೆ ಅಲ್ಲಿ ಎಂಡಿಲೇ (ಸಿಪಿಯುವನ್ನು ನಿದ್ದೆಗೆ ಬಿಡದೆ ಕಾಯಿಸುವ ಕರೆ) ಹಾಕಿ 20 ಮಿಲಿಸೆಕೆಂಡ್ ಹಿಡಿದಿಡಿ. ಊಹೆ ಸರಿಯಿದ್ದರೆ ವಾರಕ್ಕೊಮ್ಮೆ ಬರುತ್ತಿದ್ದ ಬಗ್ ನಿಮಿಷಕ್ಕೊಮ್ಮೆ ಬರುತ್ತದೆ. ಬರದಿದ್ದರೆ ಊಹೆ ತಪ್ಪು, ಬೇರೆ ಕಡೆ ನೋಡಿ. ಎಂಡಿಲೇ ಬದಲು ನಿದ್ದೆಗೆ ಹೋಗುವ ಎಂಸ್ಲೀಪ್ ಹಾಕಬೇಡಿ, ಸ್ಪಿನ್‌ಲಾಕ್ (ನಿದ್ದೆ ಹೋಗದೆ ಕಾಯುವ ಲಾಕ್) ಹಿಡಿದಿರುವಾಗ ಅದು ತನ್ನದೇ ಹೊಸ ಬಗ್ ತರುತ್ತದೆ. ಬೂಟ್ ಆಯ್ಕೆಯಲ್ಲಿ ಒಂದೇ ಸಿಪಿಯು ಎಂದು ಹೇಳಿ ಬಗ್ ಮಾಯವಾದರೆ ಅದು ಓಟದ ಬಗ್ ಎನ್ನಲು ಸುಳಿವು ಮಾತ್ರ, ಪುರಾವೆ ಅಲ್ಲ. ಎಕ್ಸ್86ನಲ್ಲಿ ಕಾಣದೆ ಆರ್ಮ್ ಸರ್ವರ್‌ನಲ್ಲಿ ಮಾತ್ರ ಬರುತ್ತಿದ್ದರೆ ಮೆಮೊರಿ ಬ್ಯಾರಿಯರ್ (ಓದು-ಬರಹಗಳ ಕ್ರಮ ಕಾಯುವ ಸೂಚನೆ) ಬಿಟ್ಟುಹೋಗಿದೆಯೇ ನೋಡಿ. 5.8ರಿಂದ ಕರ್ನಲ್‌ನಲ್ಲಿರುವ ಕೆಸಿಎಸ್‌ಎಎನ್ ಎಂಬ ಓಟ ಹಿಡಿಯುವ ಸಾಧನ ಅಂಥ ಜಾಗಗಳನ್ನು ತೋರಿಸುತ್ತದೆ.

ಹಳೆಯ ಕರ್ನಲ್‌ನಲ್ಲಿ ಇರದೆ ಹೊಸದರಲ್ಲಿ ಬಂದ ಬಗ್ ಆದರೆ ಗಿಟ್ ಬೈಸೆಕ್ಟ್ ಇದೆ: ಬದಲಾವಣೆಗಳ ಪಟ್ಟಿಯನ್ನು ಪ್ರತಿ ಹೆಜ್ಜೆಗೂ ಅರ್ಧ ಮಾಡುತ್ತ, ಪರೀಕ್ಷಿಸಿ ‘ಗುಡ್’ ಅಥವಾ ‘ಬ್ಯಾಡ್’ ಎನ್ನುತ್ತ ತಪ್ಪಿತಸ್ಥನನ್ನು ಹುಡುಕುವುದು. ಸಾವಿರ ಬದಲಾವಣೆಗೆ ಸುಮಾರು ಹತ್ತು ಹೆಜ್ಜೆ. ಓಟದ ಬಗ್‌ಗೆ ಇದನ್ನು ಬಳಸುವಾಗ ಎಡವುವುದು ‘ಗುಡ್’ ಎನ್ನುವ ಕಡೆ. ಕೆಟ್ಟ ಕರ್ನಲ್‌ನಲ್ಲಿ ಮೂರು ಸಲ ಓಡಿಸಿದರೆ ಒಮ್ಮೆ ಬಗ್ ಬರುತ್ತದೆ ಎಂದಿಟ್ಟುಕೊಳ್ಳಿ. ಮೂರು ಸಲ ಓಡಿಸಿ ಬರಲಿಲ್ಲ ಎಂದು ಗುಡ್ ಹೇಳಿದರೆ ತಪ್ಪಾಗುವ ಸಾಧ್ಯತೆ ಸುಮಾರು ಶೇ 30. ಅದನ್ನು ಶೇ 1ಕ್ಕಿಂತ ಕೆಳಗೆ ಇಳಿಸಲು 12 ಸಲ ಓಡಿಸಬೇಕು. ಒಂದು ಹೆಜ್ಜೆ ತಪ್ಪಿದರೂ ಉಳಿದ ಹೆಜ್ಜೆಗಳೆಲ್ಲ ನಿರಪರಾಧಿ ಬದಲಾವಣೆಯೊಂದರ ಕಡೆಗೆ ನಡೆಯುತ್ತವೆ. ಪರೀಕ್ಷೆಗೆ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಸಂಗ್ರಹವನ್ನು ಮೊದಲು ಸರ್ವರ್‌ನ ಲೋಕಲ್ ಡಿಸ್ಕ್ ಮೇಲೆ, ಆಮೇಲೆ ಎನ್‌ಎಫ್‌ಎಸ್ ಮೇಲೆ ಓಡಿಸಿ. ಲೋಕಲ್‌ನಲ್ಲೇ ಬಿದ್ದರೆ ನೆಟ್‌ವರ್ಕ್ ಕಡೆ ನೋಡುವ ಕೆಲಸ ಉಳಿಯಿತು. ಅದರಲ್ಲಿರುವ ಎಫ್‌ಎಸ್‌ಎಕ್ಸ್ (ಮನಬಂದಂತೆ ಓದಿ ಬರೆದು ಹೋಲಿಸುವ ಪರೀಕ್ಷೆ) ವ್ಯತ್ಯಾಸ ಕಂಡಾಗ ಅಲ್ಲಿಯವರೆಗೆ ಮಾಡಿದ ಕೆಲಸಗಳ ಪಟ್ಟಿಯನ್ನು ಉಗುಳುತ್ತದೆ. ಸೀಡ್ ಸಂಖ್ಯೆಯನ್ನು ನೀವೇ ಕೊಟ್ಟು ಓಡಿಸಿದರೆ ಅದೇ ಸರಣಿ ಮತ್ತೆ ಸಿಗುತ್ತದೆ.

ಫಿಕ್ಸ್ ಹಾಕಿದ ಮೇಲೆ ಎಂಡಿಲೇ ತೆಗೆಯಬೇಡಿ. ಅದು ಇದ್ದ ಜಾಗದಲ್ಲೇ ಇರಲಿ, ನಿಮಿಷಕ್ಕೊಮ್ಮೆ ಬೀಳುತ್ತಿದ್ದ ಪರೀಕ್ಷೆ ಒಂದು ರಾತ್ರಿ ಪೂರ್ತಿ ಬೀಳದೆ ಓಡಲಿ. ಆಮೇಲೆ ಫಿಕ್ಸ್ ಮಾತ್ರ ತೆಗೆದು ಮತ್ತೆ ಓಡಿಸಿ, ಬಗ್ ನಿಮಿಷದೊಳಗೆ ಮರಳಿ ಬರಬೇಕು. ಬಂದರೆ ಪ್ಯಾಚ್ ಕಳಿಸಿ, ವಿವರಣೆಯಲ್ಲಿ ಎರಡು ಸಿಪಿಯುಗಳ ಹೆಜ್ಜೆಗಳನ್ನು ಎರಡು ಕಂಬಸಾಲಿನಲ್ಲಿ, ಮೊದಲು ನಡೆದದ್ದು ಮೇಲೆ ಬರುವಂತೆ ಬರೆಯಿರಿ.